ಎರಡೂ ಮುಳ್ಳು ಒಟ್ಟಿಗೆ ಏರಿದರೆ: ಹಳೆ ಕಾರಿನ ಮೀಟರ್ ಬದಲಿಸುವ ಮುಂಚೆ

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದೆ. ನಮ್ಮ ಹಳೆ ಕಾಂಟೆಸ್ಸಾ ಕಾರಿನ ಟೆಂಪರೇಚರ್ ಮುಳ್ಳು ಮೆಲ್ಲಗೆ ಏರುತ್ತಾ ಏರುತ್ತಾ ಕೆಂಪು ಗೆರೆ ಮುಟ್ಟಿತು. ಎದೆ ಧಸಕ್ ಅಂತು. ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದೆ. ರೇಡಿಯೇಟರ್ ಕುದಿಯುತ್ತಿರಲಿಲ್ಲ. ಹಬೆ ಇಲ್ಲ, ಸುಟ್ಟ ವಾಸನೆ ಇಲ್ಲ, ನೀರೂ ಸರಿಯಾಗಿಯೇ ಇತ್ತು. ವಾಪಸ್ ಬಂದು ಕೂತಾಗ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಪೆಟ್ರೋಲ್ ಮುಳ್ಳು ಫುಲ್ ದಾಟಿ ನಿಂತಿತ್ತು. ಬೆಳಗ್ಗೆ ಹಾಕಿಸಿದ್ದು ಬರೀ ಹತ್ತು ಲೀಟರ್!

ಮೀಟರ್‌ಗಳು ಸತ್ತವು ಅಂದುಕೊಂಡು ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ಹೊಸ ಸೆಟ್ ಆರ್ಡರ್ ಮಾಡಿದೆ. ಎರಡು ದಿನ ಬಿಟ್ಟು ರಿಂಗ್ ರೋಡಿನ ವೈರಿಂಗ್ ಮಿಸ್ತ್ರಿ ಹತ್ತಿರ ಹೋದರೆ ಅವರು ಬಾನೆಟ್ ಕೂಡ ತೆಗೆಸಲಿಲ್ಲ.

"ಎರಡೂ ಕಾಂಟಾ ಕೂಡೇ ಏರ್ಯಾವಂದ್ರ ಇಂಜಿನ್ ಬಿಸಿ ಆಗಿಲ್ಲ್ರಿ ಅಣ್ಣಾ. ಮೀಟರ್ ಹಿಂದ್ ಒಂದ್ ಸಣ್ಣ ಡಬ್ಬಿ ಅದ. ಅದರ ಅರ್ಥ್ ಹೋಗ್ಯದ."

ಅರ್ಥ್ ಅಂದರೆ ಕರೆಂಟ್ ಗಾಡಿಯ ಮೈ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ, ತುಕ್ಕು ಹಿಡಿದ ಒಂದು ಸ್ಕ್ರೂ ಬಿಚ್ಚಿ, ಸ್ಯಾಂಡ್‌ಪೇಪರ್‌ನಿಂದ ತಿಕ್ಕಿ ಮತ್ತೆ ಬಿಗಿದರು. ಮುಳ್ಳುಗಳು ತಮ್ಮ ಜಾಗಕ್ಕೆ ಇಳಿದವು. ಹತ್ತು ನಿಮಿಷದ ಕೆಲಸ. ಆರ್ಡರ್ ಮಾಡಿದ ಸೆಟ್ ಮಾತ್ರ ಆಗಲೇ ದಾರಿಯಲ್ಲಿತ್ತು.

ಆ ಸಣ್ಣ ಡಬ್ಬಿಯ ಹೆಸರು ವೋಲ್ಟೇಜ್ ಸ್ಟೆಬಿಲೈಸರ್. ಹಳೆ ಕಾರಿನ ಮೀಟರ್ ಅರ್ಥ ಆಗಬೇಕಾದರೆ ಇದರಿಂದಲೇ ಶುರು ಮಾಡಬೇಕು.

ಆ ಕಾಲದ ಪೆಟ್ರೋಲ್, ಟೆಂಪರೇಚರ್ ಮೀಟರ್‌ಗಳ ಒಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತದೆ. ಅದರ ಸುತ್ತ ಸಣ್ಣ ತಂತಿ ಸುತ್ತಿರುತ್ತಾರೆ. ಕರೆಂಟ್ ಹರಿದರೆ ತಂತಿ ಬಿಸಿಯಾಗುತ್ತದೆ, ಪಟ್ಟಿ ಬಾಗುತ್ತದೆ, ಮುಳ್ಳು ಏರುತ್ತದೆ. ಅಷ್ಟೇ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಒಳಗಿರುವುದೂ ಇದೇ ಬಗೆಯ ಪಟ್ಟಿ. ಬಿಸಿಯಾಗಲು ಹೊತ್ತು ಬೇಕಾದ್ದರಿಂದ ಮುಳ್ಳು ನಿಧಾನ. ಅದೂ ಒಳ್ಳೆಯದೇ. ಗುಂಡಿ ಬಿದ್ದ ರಸ್ತೆಯಲ್ಲಿ ಟ್ಯಾಂಕಿನ ಪೆಟ್ರೋಲ್ ಎಷ್ಟೇ ಅಲುಗಿದರೂ ಮುಳ್ಳು ಕುಣಿಯುವುದಿಲ್ಲ.

ಕಷ್ಟ ಇರುವುದು ವೋಲ್ಟೇಜಿನಲ್ಲಿ. ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12 ವೋಲ್ಟ್ ಚಿಲ್ಲರೆ, ಚಾಲೂ ಇದ್ದಾಗ 14ರ ಹತ್ತಿರ. ವೋಲ್ಟೇಜ್ ಏರಿದಷ್ಟೂ ಪಟ್ಟಿ ಜಾಸ್ತಿ ಬಿಸಿ. ಅದಕ್ಕೇ ಸ್ಟೆಬಿಲೈಸರ್ ಇಟ್ಟರು. ಒಳಗಿನ ಕಾಂಟ್ಯಾಕ್ಟ್ ಟಕ್ ಟಕ್ ಅಂತ ಸೇರುತ್ತಾ ಬಿಡುತ್ತಾ ಸರಾಸರಿ ಒಂದೇ ವೋಲ್ಟೇಜ್ ಕೊಡುತ್ತದೆ. ಬ್ರಿಟಿಷ್ ಸ್ಮಿತ್ಸ್ ಮೀಟರ್‌ಗಳಲ್ಲಿ ಅದು 10 ವೋಲ್ಟ್. ಅಮೆರಿಕದ ಹಳೆ ಫೋರ್ಡ್ ಮಸ್ಟಾಂಗ್‌ನಲ್ಲಿ ಸುಮಾರು 5 ವೋಲ್ಟ್. ಈ ಡಬ್ಬಿಯೂ ಬಿಸಿಯಿಂದಲೇ ಕೆಲಸ ಮಾಡುವುದು. ಬಿಸಿಯಾಗಲು ಅದಕ್ಕೆ ಅರ್ಥ್ ಬೇಕು. ಅರ್ಥ್ ಕಡಿದರೆ ಕಾಂಟ್ಯಾಕ್ಟ್ ಬಿಡುವುದೇ ಇಲ್ಲ. ಪೂರಾ 12 ವೋಲ್ಟ್ ಮೀಟರ್‌ಗಳಿಗೆ ಹೋಗುತ್ತದೆ, ಎರಡೂ ಮುಳ್ಳು ಒಟ್ಟಿಗೆ ಏರುತ್ತವೆ. ಮಿಸ್ತ್ರಿ ನೋಡದೇ ಹೇಳಿದ್ದರ ಗುಟ್ಟು ಇದು. ಒಂದೇ ಮುಳ್ಳು ಏರಿದ್ದರೆ ಅವರು ಬಾನೆಟ್ ಎತ್ತಿಸುತ್ತಿದ್ದರು.

ಡಬ್ಬಿಯೇ ಹೋಗಿದ್ದರೆ ಹುಡುಕಿಕೊಂಡು ಊರೂರು ತಿರುಗಬೇಕಿಲ್ಲ. 10 ವೋಲ್ಟಿನ ಮೀಟರ್‌ಗೆ 7810 ಎಂಬ ಮೂರು ಕಾಲಿನ ಐಸಿ (ವೋಲ್ಟೇಜ್ ಹತ್ತಕ್ಕೇ ಹಿಡಿದಿಡುವ ಸಣ್ಣ ಎಲೆಕ್ಟ್ರಾನಿಕ್ ಬಿಡಿಭಾಗ) ಸಾಕು. ಟಿವಿ, ರೇಡಿಯೋ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಹಳೆ ಡಬ್ಬಿಯ ಒಳಗೇ ಕೂರಿಸಿದರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ.

ಈಗ ಗಾಡಿಯ ಬಗ್ಗೆ ಒಂದೆರಡು ಮಾತು. ಕಾಂಟೆಸ್ಸಾವನ್ನು ನಮ್ಮ ದೇಶದ ಮಸಲ್ ಕಾರ್ ಅಂತ ಪ್ರೀತಿಯಿಂದ ಕರೆಯುತ್ತಾರೆ. ಮಸಲ್ ಕಾರ್ ಅಂದರೆ ದೊಡ್ಡ ಇಂಜಿನ್ನಿನ, ಜೋರಾಗಿ ಓಡುವ ಅಮೆರಿಕದ ಬಗೆಯ ಕಾರು. ಮೂಲ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು. ಹಿಂದೂಸ್ತಾನ್ ಮೋಟಾರ್ಸ್ ಇದನ್ನು 1984ರಲ್ಲಿ ತಂದಿತು, 2002ರ ಹೊತ್ತಿಗೆ ನಿಲ್ಲಿಸಿತು. ಮೊದಲಿನ ಗಾಡಿಗಳಿಗೆ ಹಾಕಿದ್ದು ಅಂಬಾಸಿಡರ್‌ನ 1489 ಸಿಸಿ ಇಂಜಿನ್. ಹಾಗಾಗಿ ಮಸಲ್ ಇದ್ದದ್ದು ಮೈಯಲ್ಲಿ ಮಾತ್ರ! ನಮ್ಮ ಕಾಕಾ ಕೊಂಡಿದ್ದು ಆಮೇಲಿನ ಇಸುಝು 1.8 ಪೆಟ್ರೋಲ್ ಗಾಡಿ. ಅದು ಓಡುತ್ತದೆ.

ನಿಜವಾದ ಅಮೆರಿಕನ್ ಮಸಲ್ ಕಾರುಗಳಲ್ಲೂ ಮೀಟರ್‌ಗಳ ವಿಷಯದಲ್ಲಿ ಕಂಪನಿಗಳು ಜಿಪುಣತನ ಮಾಡಿದ್ದವು. 60ರ ದಶಕದ ಎಷ್ಟೋ ಗಾಡಿಗಳಲ್ಲಿ ಆಯಿಲ್ ಪ್ರೆಶರ್‌ಗೆ, ಚಾರ್ಜಿಂಗ್‌ಗೆ ಬರೀ ಕೆಂಪು ದೀಪ. ಮೀಟರ್ ಬೇಕಾದರೆ ಬೇರೆ ದುಡ್ಡು. ಪಾಂಟಿಯಾಕ್‌ನವರಂತೂ 1967ರಲ್ಲಿ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಆರ್‌ಪಿಎಂ ಮೀಟರನ್ನು ಬಾನೆಟ್ ಮೇಲೆ, ಗಾಜಿನ ಹೊರಗೆ ಕೂರಿಸಿ ಮಾರಿದರು. ನಮ್ಮ ಸೇಡಂ ರಸ್ತೆಯ ಧೂಳಿನಲ್ಲಿ ಅದು ಎರಡು ದಿನಕ್ಕೆ ಕುರುಡಾಗುತ್ತಿತ್ತು.

ಹೊಸ ಸೆಟ್ ಬಂತು. ಚಂದ ಇತ್ತು. ಕಪ್ಪು ಮುಖ, ಬೆಳ್ಳಗಿನ ಅಂಕಿ. ಹೊಸ ಟೆಂಪರೇಚರ್ ಮೀಟರ್ ತೆಗೆದುಕೊಂಡು ಹಳೆ ವೈರಿಗೇ ಸಿಕ್ಕಿಸಿದೆ. ಹೇಗಿದ್ದರೂ ಇಂಜಿನ್‌ನಲ್ಲಿ ಸೆನ್ಸರ್ ಇದೆಯಲ್ಲ, ಮತ್ತೆ ಯಾಕೆ ಬಿಚ್ಚೋದು ಅನ್ನುವ ಸೋಮಾರಿತನ. ಇಂಜಿನ್ ಸ್ವಲ್ಪ ಬೆಚ್ಚಗಾದದ್ದೇ ತಡ, ಮುಳ್ಳು 120ಕ್ಕೆ ಹೋಗಿ ಕೂತಿತು.

ಇಲ್ಲೇ ಬಹಳ ಜನ ಎಡವುವುದು. ಡ್ಯಾಶ್‌ಬೋರ್ಡಿನಲ್ಲಿ ಕಾಣುವುದು ಅರ್ಧ ಮೀಟರ್ ಮಾತ್ರ. ಇನ್ನರ್ಧ ಇಂಜಿನ್‌ನಲ್ಲೋ ಟ್ಯಾಂಕಿನಲ್ಲೋ ಇರುವ ಸೆನ್ಸರ್. ಮೀಟರ್‌ಗೆ ಡಿಗ್ರಿಯೂ ಗೊತ್ತಿಲ್ಲ, ಲೀಟರೂ ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಆ ಸೆನ್ಸರ್‌ನ ರೆಸಿಸ್ಟೆನ್ಸ್ ಒಂದೇ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ. ಅದರ ಅಳತೆ ಓಮ್. ಇಷ್ಟು ಓಮ್ ಇದ್ದರೆ ಇಲ್ಲಿ ನಿಲ್ಲು ಅಂತ ಕಾರ್ಖಾನೆಯಲ್ಲೇ ಲೆಕ್ಕ ಹಾಕಿ ಕಳಿಸಿರುತ್ತಾರೆ. ಆ ಲೆಕ್ಕ ಕಂಪನಿಗೊಂದು.

ಪೆಟ್ರೋಲ್ ಮೀಟರ್ ನೋಡಿ. ಜನರಲ್ ಮೋಟಾರ್ಸ್‌ನ ಹಳೆ ಗಾಡಿಗಳ ಫ್ಲೋಟ್ (ಟ್ಯಾಂಕಿನೊಳಗೆ ತೇಲುವ ಸೆನ್ಸರ್) ಟ್ಯಾಂಕ್ ಖಾಲಿ ಇದ್ದಾಗ 0 ಓಮ್, ಫುಲ್ ಇದ್ದಾಗ 90 ಓಮ್ ಕೊಡುತ್ತದೆ. ಹಳೆ ಫೋರ್ಡ್‌ನಲ್ಲಿ ಉಲ್ಟಾ. ಖಾಲಿಗೆ 73, ಫುಲ್‌ಗೆ 10. ಯುರೋಪಿನ ವಿಡಿಒ ಕಂಪನಿಯ ಸೆಟ್‌ಗಳಲ್ಲಿ ಖಾಲಿಗೆ 10, ಫುಲ್‌ಗೆ 180. ಯೂನಿವರ್ಸಲ್ ಅಂತ ಡಬ್ಬಿ ಮೇಲೆ ಬರೆದು ಮಾರುವ ಎಷ್ಟೋ ಅಮೆರಿಕನ್ ಸೆಟ್‌ಗಳಲ್ಲಿ ಖಾಲಿಗೆ 240, ಫುಲ್‌ಗೆ 33. ಒಂದರ ಮೀಟರ್ ಇನ್ನೊಂದರ ಫ್ಲೋಟಿಗೆ ಕಟ್ಟಿದರೆ ಟ್ಯಾಂಕ್ ತುಂಬಿಸಿಕೊಂಡು ಹೊರಟವನಿಗೆ ಖಾಲಿ ಅಂತ ತೋರಿಸುತ್ತದೆ. ಅದಾದರೂ ಪರವಾಗಿಲ್ಲ. ಖಾಲಿ ಇದ್ದಾಗ ಫುಲ್ ತೋರಿಸಿದರೆ ಜೇವರ್ಗಿ ದಾರಿಯಲ್ಲಿ ಕ್ಯಾನ್ ಹಿಡಿದು ನಡೆಯಬೇಕು. ಯೂನಿವರ್ಸಲ್ ಅನ್ನುವ ಪದ ನಂಬಬೇಡಿ. ಓಮ್ ಲೆಕ್ಕ ಬರೆದಿಲ್ಲದ ಮೀಟರ್ ಕೊಳ್ಳಲೇಬೇಡಿ.

ಟೆಂಪರೇಚರ್ ಸೆನ್ಸರ್ ಪರೀಕ್ಷೆ ಮಾಡುವುದು ಮನೆಯಲ್ಲೇ ಆಗುತ್ತದೆ. ನಾನು ಮಾಡಿದ್ದು ಹೀಗೆ. ಸೆನ್ಸರ್ ಬಿಚ್ಚಿ, ಅದರ ಹಿತ್ತಾಳೆ ಮೈಗೆ ಒಂದು ವೈರು, ತುದಿಯ ಪಿನ್ನಿಗೆ ಇನ್ನೊಂದು ವೈರು ಕಟ್ಟಿ ಮಲ್ಟಿಮೀಟರ್‌ಗೆ ಜೋಡಿಸಿದೆ. ಹಳೆ ಚಹಾ ಪಾತ್ರೆಯಲ್ಲಿ ನೀರು ಕಾಯಲಿಟ್ಟೆ. ಪಿನ್ನು ನೀರಿನ ಮೇಲಿರಬೇಕು, ಕೆಳಗಿನ ಭಾಗ ಪಾತ್ರೆಯ ತಳಕ್ಕೆ ತಾಗಬಾರದು. ತಣ್ಣಗಿದ್ದಾಗ ನೂರಾರು ಓಮ್ ಇದ್ದದ್ದು ನೀರು ಬಿಸಿಯಾದಂತೆ ಸರಸರ ಇಳಿಯಿತು. ಈ ಸೆನ್ಸರ್‌ಗಳ ಗುಣವೇ ಅದು, ಬಿಸಿ ಏರಿದಂತೆ ಓಮ್ ಇಳಿಯುತ್ತದೆ. ನೀರು ತಳಮಳ ಕುದಿಯುವಾಗ ಬಂದ ಅಂಕಿ ಬರೆದಿಟ್ಟುಕೊಂಡೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 98ರಿಂದ 99 ಡಿಗ್ರಿಗೆ. ಬೀದರ್ ಇನ್ನೂ ಎತ್ತರ, ಅಲ್ಲಿ ಇನ್ನೊಂದಿಷ್ಟು ಕಡಿಮೆ. ಈ ಕೆಲಸಕ್ಕೆ ಇಷ್ಟು ಸಾಕು. ಅದೇ ನೀರಿಗೆ ಹೊಸ ಸೆಟ್ ಜೊತೆ ಬಂದಿದ್ದ ಸೆನ್ಸರ್ ಇಳಿಸಿದೆ. ಅದರ ಓಮ್ ಹಳೆಯದಕ್ಕಿಂತ ಬಹಳ ಜಾಸ್ತಿ ಇತ್ತು. ಅಂದರೆ ಹೊಸ ಮೀಟರ್ ನಿರೀಕ್ಷೆ ಮಾಡಿದ್ದಕ್ಕಿಂತ ಹಳೆ ಸೆನ್ಸರ್ ಕಡಿಮೆ ಓಮ್ ಕೊಡುತ್ತಿತ್ತು. ಕಡಿಮೆ ಓಮ್ ಅಂದರೆ ಮೀಟರ್‌ಗೆ ಜಾಸ್ತಿ ಬಿಸಿ. ಮುಳ್ಳು 120ಕ್ಕೆ ಹಾರಿದ್ದು ಅದಕ್ಕೇ. ಆ ಪಾತ್ರೆ ಮಾತ್ರ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಮನೆಯವರು ಬಿಡಲಿಲ್ಲ.

ಹಾಗಾಗಿ ಮೀಟರ್ ಬದಲಿಸಿದರೆ ಸೆನ್ಸರೂ ಬದಲಿಸಿ. ಜೋಡಿಯನ್ನು ಬೇರೆ ಮಾಡಬೇಡಿ. ಹೊಸ ಸೆನ್ಸರ್‌ನ ಚೂಡಿ (ತಿರುಗಿಸಿ ಕೂರಿಸುವ ಸ್ಕ್ರೂ ಗೆರೆ) ಹಳೆ ತೂತಿಗೆ ಕೂರದೇ ಇರಬಹುದು. ಬಲವಂತ ಮಾಡಿದರೆ ಇಂಜಿನ್ನಿನ ಚೂಡಿಯೇ ಹೋಗುತ್ತದೆ. ಲೇತ್‌ನವರ ಹತ್ತಿರ ಹಿತ್ತಾಳೆಯ ಅಡಾಪ್ಟರ್ ಮಾಡಿಸಿಕೊಳ್ಳಿ. ಲೀಕ್ ಆಗದಿರಲಿ ಅಂತ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತುವುದೂ ಬೇಡ. ಒಂದೇ ಪಿನ್ನಿನ ಸೆನ್ಸರ್‌ಗೆ ಅದರ ಮೈಯೇ ಅರ್ಥ್. ಟೇಪ್ ಜಾಸ್ತಿಯಾದರೆ ಆ ಅರ್ಥ್ ಕಡಿಯಬಹುದು.

ಬೇಸಿಗೆಯಲ್ಲಿ 42, 43 ಡಿಗ್ರಿ ನೋಡುವ ನಮ್ಮ ಊರಲ್ಲಿ ಈ ಒಂದು ಮೀಟರ್ ಸರಿ ಇರುವುದು ಉಳಿದೆಲ್ಲಕ್ಕಿಂತ ಮುಖ್ಯ. ಹಳೆ ಮೀಟರ್‌ನಲ್ಲಿ ಸಿ (ತಣ್ಣಗೆ), ಎಚ್ (ಬಿಸಿ) ಅಂತ ಎರಡು ಅಕ್ಷರ ಮಾತ್ರ ಇರುತ್ತಿದ್ದವು. ಹೊಸದರಲ್ಲಿ ಡಿಗ್ರಿ ಇದೆ. ಬಿಸಿ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ 95 ಆದರೆ ಗಾಬರಿ ಬೇಡ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿರುವುದರಿಂದ ಒಳಗಿನ ನೀರು 100 ದಾಟಿದರೂ ತಕ್ಷಣ ಕುದಿಯುವುದಿಲ್ಲ. 105 ದಾಟಿ ಏರುತ್ತಲೇ ಇದ್ದರೆ ನಿಲ್ಲಿಸಿ. ಇನ್ನೊಂದು ಮಾತು ನೆನಪಿಡಿ. ಬಿಸಿ ಇದ್ದ ಮುಳ್ಳು ಚಲಿಸುವಾಗ ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಇಂಜಿನ್ ತಣ್ಣಗಾಯಿತು ಅಂತ ಖುಷಿ ಪಡಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಹೋಸ್ ಒಡೆದು ನೀರು ಸೋರಿ ಹೋದರೆ ಅದು ಬರೀ ಗಾಳಿಯಲ್ಲಿ ನಿಂತು ಕಡಿಮೆ ತೋರಿಸಬಹುದು. ಇಂಜಿನ್ ಹೆಡ್ ಸುಡುವುದು ಅಂಥ ಹೊತ್ತಿನಲ್ಲೇ.

ಆಯಿಲ್ ಪ್ರೆಶರ್ ಮೀಟರ್ ನಮ್ಮ ಗಾಡಿಯಲ್ಲಿ ಇರಲಿಲ್ಲ, ದೀಪ ಮಾತ್ರ. ಆ ದೀಪ ಹತ್ತುವುದು ಒತ್ತಡ ಸಾಮಾನ್ಯವಾಗಿ 10 ಪಿಎಸ್‌ಐಗೂ (ಒತ್ತಡದ ಅಳತೆ) ಕೆಳಗೆ ಇಳಿದ ಮೇಲೆ. ಅಷ್ಟು ಹೊತ್ತಿಗೆ ಆಗಬೇಕಾದದ್ದು ಆಗಿರುತ್ತದೆ. ಹಳೆ ಇಂಜಿನ್‌ಗಳಿಗೆ ಮಿಸ್ತ್ರಿಗಳು ಹೇಳುವ ಲೆಕ್ಕ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ. ಎರಡು ಬಗೆಯ ಮೀಟರ್ ಸಿಗುತ್ತವೆ. ಒಂದರಲ್ಲಿ ಸಣ್ಣ ಪೈಪಿನಲ್ಲಿ ಆಯಿಲೇ ಡ್ಯಾಶ್‌ಬೋರ್ಡ್‌ವರೆಗೆ ಬರುತ್ತದೆ. ಸರಿಯಾಗಿ ತೋರಿಸುವುದೇನೋ ನಿಜ, ಆದರೆ ಪೈಪ್ ಒಡೆದರೆ ಬಿಸಿ ಆಯಿಲ್ ಕಾಲ ಮೇಲೆ. ನಾನು ಸೆನ್ಸರ್ ಇರುವುದನ್ನೇ ಹಾಕಿದೆ. ಟಿ ಆಕಾರದ ಜೋಡಣೆ ಹಾಕಿ ಹಳೆ ದೀಪವನ್ನೂ ಉಳಿಸಿಕೊಂಡೆ. ಮೀಟರ್ ನೋಡದಿದ್ದರೂ ಕೆಂಪು ದೀಪ ಕಣ್ಣಿಗೆ ಹೊಡೆಯುತ್ತದೆ ಅಲ್ವಾ.

ಇನ್ನು ಆಂಪ್ ಮೀಟರ್, ಅಂದರೆ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ತೋರಿಸುವುದು. ಹಳೆ ಜೀಪ್, ಹಳೆ ಕಾರು ಇಟ್ಟುಕೊಂಡವರು ಇದನ್ನು ಗಮನವಿಟ್ಟು ಓದಿ. ಸೆಲ್ಫ್ ಮೋಟರ್‌ನದು ಬಿಟ್ಟರೆ ಗಾಡಿಯ ಹೆಚ್ಚುಕಡಿಮೆ ಎಲ್ಲ ಕರೆಂಟೂ ಆಂಪ್ ಮೀಟರ್ ಮೂಲಕವೇ ಓಡಾಡುತ್ತದೆ. ಎರಡು ದಪ್ಪ ವೈರು ಡ್ಯಾಶ್‌ಬೋರ್ಡಿನ ಹಿಂದೆ ಬಂದು ಹೋಗುತ್ತವೆ, ಸಾಮಾನ್ಯವಾಗಿ ಫ್ಯೂಸ್ ಕೂಡ ಇರುವುದಿಲ್ಲ. ಡೈನಮೋ ಕಾಲದಲ್ಲಿ 22 ಆಂಪ್ ಅಂದರೆ ದೊಡ್ಡದು. ಆಮೇಲೆ ಜನ ಕರೆಂಟ್ ಹುಟ್ಟಿಸುವ ದೊಡ್ಡ ಆಲ್ಟರ್ನೇಟರ್ ಹಾಕಿದರು, ಎಸಿ ಹಾಕಿದರು, ಹ್ಯಾಲೋಜೆನ್ ಹಾಕಿದರು. 55 ವ್ಯಾಟಿನ ಎರಡು ಬಲ್ಬ್ ಸೇರಿದರೆ ಅದೇ 9 ಆಂಪ್. ಮೀಟರಿನ ನಟ್ಟು ಸ್ವಲ್ಪ ಸಡಿಲ ಆದರೂ ಅಲ್ಲಿ ಬಿಸಿ, ಆಮೇಲೆ ಹೊಗೆ. ಅಮೆರಿಕದ ಹಳೆ ಕ್ರೈಸ್ಲರ್ ಗಾಡಿಗಳಲ್ಲಿ ಇದು ಹೆಸರುವಾಸಿ ರೋಗ.

ಅದನ್ನು ತೆಗೆದು ವೋಲ್ಟ್ ಮೀಟರ್ ಹಾಕುವುದೇ ವಾಸಿ. ಆದರೆ ಜಾಗ ಒಂದೇ ಆದರೂ ಜೋಡಿಸುವ ರೀತಿ ಬೇರೆ. ಗೆಳೆಯನ ಜೀಪಿಗೆ ಒಂದು ಅಂಗಡಿಯ ಹುಡುಗ ಆಂಪ್ ಮೀಟರಿನ ಎರಡು ವೈರುಗಳನ್ನೇ ವೋಲ್ಟ್ ಮೀಟರಿಗೆ ಸಿಕ್ಕಿಸಿಬಿಟ್ಟ. ಕೀ ತಿರುಗಿಸಿದರೆ ಗಾಡಿ ಸತ್ತಂತೆ. ದೀಪ ಇಲ್ಲ, ಹಾರ್ನ್ ಇಲ್ಲ. ಬ್ಯಾಟರಿ ಹೋಗಿದೆ ಅಂತ ಹೊಸ ಬ್ಯಾಟರಿ ತರಿಸುವವರೆಗೂ ಹೋಗಿತ್ತು ಮಾತು. ವೋಲ್ಟ್ ಮೀಟರ್ ಒಳಗೆ ಕರೆಂಟ್ ಹರಿಯಲು ದಾರಿಯೇ ಇಲ್ಲದಷ್ಟು ರೆಸಿಸ್ಟೆನ್ಸ್ ಇರುತ್ತದೆ. ಸರಿಯಾದ ಕ್ರಮ ಇದು: ಬ್ಯಾಟರಿ ಕಳಚಿ, ಆ ಎರಡು ದಪ್ಪ ವೈರುಗಳನ್ನು ಒಂದಕ್ಕೊಂದು ನಟ್ಟು ಬೋಲ್ಟ್ ಹಾಕಿ ಗಟ್ಟಿಯಾಗಿ ಸೇರಿಸಿ, ಮೇಲೆ ಸ್ಲೀವ್ ಹಾಕಿ ಮುಚ್ಚಬೇಕು. ವೋಲ್ಟ್ ಮೀಟರಿಗೆ ಕೀ ಹಾಕಿದಾಗ ಕರೆಂಟ್ ಬರುವ ಜಾಗದಿಂದ ಸಣ್ಣ ಫ್ಯೂಸ್ ಮೂಲಕ ಒಂದು ತೆಳು ವೈರು, ಇನ್ನೊಂದು ಅರ್ಥ್‌ಗೆ. ಒಳ್ಳೆ ಬ್ಯಾಟರಿ ರಾತ್ರಿ ನಿಂತು ಬೆಳಗ್ಗೆ 12.6 ತೋರಿಸುತ್ತದೆ. ಇಂಜಿನ್ ಚಾಲೂ ಆದ ಮೇಲೆ 13.8ರಿಂದ 14.4 ಇರಬೇಕು. 15 ದಾಟಿದರೆ ಚಾರ್ಜಿಂಗ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ನೀರು ಕುದಿದು ಹಾರಿ ಹೋಗುತ್ತದೆ.

ಇದರ ಬಾಲಕ್ಕೇ ಇನ್ನೊಂದು ಸಮಸ್ಯೆ ಇದೆ. ಹಳೆ ಬಲ್ಬೆಲ್ಲ ಕಿತ್ತು ಎಲ್‌ಇಡಿ ಹಾಕುವ ಚಟ ಎಲ್ಲರಿಗೂ. ಹಾಕಿ, ಆದರೆ ಚಾರ್ಜಿಂಗ್ ದೀಪ ಮುಟ್ಟಬೇಡಿ. ಅನೇಕ ಆಲ್ಟರ್ನೇಟರ್‌ಗಳು ಮೊದಲು ಎಚ್ಚರಗೊಳ್ಳುವುದೇ ಆ ಪುಟ್ಟ ಬಲ್ಬಿನ ಮೂಲಕ ಬರುವ ಕರೆಂಟಿನಿಂದ. ಎಲ್‌ಇಡಿ ಅಷ್ಟು ಕರೆಂಟ್ ಬಿಡುವುದಿಲ್ಲ. ಚಾರ್ಜಿಂಗ್ ಶುರುವೇ ಆಗುವುದಿಲ್ಲ.

ಆರ್‌ಪಿಎಂ ಮೀಟರ್ ಸುಲಭ. ಸ್ಪಾರ್ಕ್ ಹುಟ್ಟಿಸುವ ಕಾಯಿಲ್‌ನ ನೆಗೆಟಿವ್ ಕಡೆಯಿಂದ ಒಂದು ವೈರು ತಂದರೆ ಅದು ಸ್ಪಾರ್ಕ್ ಎಣಿಸುತ್ತದೆ. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸ್ಪಾರ್ಕ್ ಕೊಡುತ್ತದೆ, ವಿ8 ನಾಲ್ಕು ಕೊಡುತ್ತದೆ. ಮೀಟರ್ ಹಿಂದೆ 4, 6, 8 ಅಂತ ಸಣ್ಣ ಸ್ವಿಚ್ ಇರುತ್ತದೆ. ನನ್ನದು 8ರಲ್ಲೇ ಇತ್ತು. ಇಂಜಿನ್ ಕಿರುಚುತ್ತಿದ್ದರೂ ಮುಳ್ಳು ಅರ್ಧವೇ ತೋರಿಸುತ್ತಿತ್ತು. ಡೀಸೆಲ್ ಗಾಡಿಗೆ ಕಾಯಿಲ್ ಇಲ್ಲ. ಅವರು ಆಲ್ಟರ್ನೇಟರಿನ ಡಬ್ಲ್ಯೂ ಪಾಯಿಂಟಿಗೆ ಕಟ್ಟುವ ಬೇರೆ ಮೀಟರ್ ತರಬೇಕು.

ಸ್ಪೀಡೋಮೀಟರ್ ನಾನು ಬದಲಿಸಲಿಲ್ಲ. ಮನಸ್ಸು ಬರಲಿಲ್ಲ, ಅದರ ಕೆಲಸ ಅಷ್ಟು ಚಂದ. ಗೇರ್ ಬಾಕ್ಸಿನಿಂದ ಬಂದ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಬಟ್ಟಲು ಮಗುಚಿರುತ್ತದೆ. ಒಂದಕ್ಕೊಂದು ತಾಗುವುದಿಲ್ಲ. ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟುವುದೂ ಇಲ್ಲ. ಆದರೂ ಅಯಸ್ಕಾಂತ ತಿರುಗಿದಾಗ ಬಟ್ಟಲಿನೊಳಗೆ ಕರೆಂಟ್ ಸುಳಿ ಎದ್ದು, ಬಟ್ಟಲು ಅದರ ಹಿಂದೆ ಹೋಗಲು ನೋಡುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಇಬ್ಬರ ಜಗ್ಗಾಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಮುಳ್ಳು. ಮುಳ್ಳು ನಡುಗುತ್ತಿದ್ದರೆ ದೋಷ ಬಹುತೇಕ ಕೇಬಲ್‌ದೇ. ಎಲ್ಲೋ ಮಡಚಿರುತ್ತದೆ ಅಥವಾ ಒಣಗಿರುತ್ತದೆ. ತೆಳ್ಳಗೆ ಗ್ರೀಸ್ ಸವರಿ. ಆಯಿಲ್ ಸುರಿದರೆ ಅದು ಕೇಬಲ್ ಹಿಡಿದು ಮೇಲೇರಿ ಮೀಟರ್ ಒಳಗೇ ಬರುತ್ತದೆ. ಸರಿ ಇದೆಯೋ ಇಲ್ಲವೋ ನೋಡಲು ಹುಮನಾಬಾದ್ ಕಡೆ ಹೈವೇಯಲ್ಲಿ ಮುಳ್ಳು 60ಕ್ಕೆ ಹಿಡಿದು ಹೋಗಿ. ಪಕ್ಕದಲ್ಲಿ ಕೂತವರು ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಸೆಕೆಂಡ್ ಎಣಿಸಲಿ. ಸರಿಯಾಗಿ 60 ಸೆಕೆಂಡ್ ಬರಬೇಕು. ದೊಡ್ಡ ಟೈರ್ ಹಾಕಿಸಿದವರಿಗೆ ಕಡಿಮೆ ಬರುತ್ತದೆ. ಅಂದರೆ ಗಾಡಿ ಮೀಟರ್ ಹೇಳುವುದಕ್ಕಿಂತ ಜೋರಾಗಿ ಓಡುತ್ತಿದೆ.

ಎಲ್ಲ ತೆಗೆದು ಒಂದು ಡಿಜಿಟಲ್ ಪರದೆ ಹಾಕಿಬಿಡು ಅಂದವರೂ ಇದ್ದಾರೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕೈ ಇಡಲಾರದಷ್ಟು ಕಾಯುತ್ತದೆ. ಅಗ್ಗದ ಎಲ್‌ಸಿಡಿ ಪರದೆಗಳು ಆ ಬಿಸಿಗೆ ಕಪ್ಪಾಗುತ್ತವೆ. ನನ್ನ ಮತ ಮುಳ್ಳಿಗೇ. ಬೀದರಿನ ಗೆಳೆಯನೊಬ್ಬ ಮೀಟರಿನ ರಿಂಗುಗಳನ್ನು ಬಿದ್ರಿಯಲ್ಲಿ ಮಾಡಿಸೋಣ ಅಂದ. ಕಪ್ಪಿನ ಮೇಲೆ ಬೆಳ್ಳಿ, ಮೀಟರಿನ ಮುಖಕ್ಕೆ ಅದಕ್ಕಿಂತ ಹೊಂದುವ ಜೋಡಿ ಇಲ್ಲ. ಇನ್ನೂ ಯೋಚನೆಯಲ್ಲೇ ಇದೆ.

ವೈರಿಂಗ್ ಮಾತು ಚಿಕ್ಕದು. ವೈರು ತಿರುಚಿ ಕಪ್ಪು ಟೇಪ್ ಸುತ್ತಬೇಡಿ. ನಮ್ಮ ಬೇಸಿಗೆಗೆ ಟೇಪಿನ ಗೋಂದು ಕರಗಿ ಟೇಪ್ ಜಾರುತ್ತದೆ. ಬೆಸುಗೆ ಹಾಕಿ ಸ್ಲೀವ್ ಏರಿಸಿ. ಮೀಟರ್‌ಗಳಿಗೆಲ್ಲ ಬೇರೆ ಫ್ಯೂಸ್ ಇರಲಿ. ಡ್ಯಾಶ್‌ಬೋರ್ಡ್‌ಗೊಂದು, ಇಂಜಿನ್‌ಗೊಂದು, ಪೆಟ್ರೋಲ್ ಟ್ಯಾಂಕಿಗೊಂದು ಹೊಸ ಅರ್ಥ್ ವೈರು ಎಳೆಯಿರಿ. ನಿಜ ಹೇಳಬೇಕೆಂದರೆ ಈ ಮೂರು ವೈರು ಎಳೆದು ಒಂದು ವಾರ ಓಡಿಸಿ ನೋಡಿ. ಆಮೇಲೂ ಮುಳ್ಳು ಸುಳ್ಳು ಹೇಳಿದರೆ ಮಾತ್ರ ಮೀಟರ್ ಕೊಳ್ಳಿ. ನಾನು ಮಾಡಿದ್ದು ಉಲ್ಟಾ.

ಸ್ಪೀಡೋಮೀಟರ್ ಬದಲಿಸುವವರಿಗೆ ಒಂದು ಸಲಹೆ. ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮದ ಪ್ರಕಾರ ವೇಗ ತೋರಿಸುವ ಮೀಟರ್ ಇರಲೇಬೇಕು. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದು ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿಸಬೇಕಲ್ಲ, ಆಗ ಗಾಡಿ ತಪಾಸಣೆಗೆ ಹೋಗುತ್ತದೆ. ಅಮೆರಿಕದ ಸೆಟ್ ತಂದರೆ ಮೈಲಿನ ಲೆಕ್ಕ ಇರುತ್ತದೆ, 60 ಅಂದರೆ ನಮ್ಮ 96 ಕಿಲೋಮೀಟರ್. ಕಿಲೋಮೀಟರ್ ಇರುವುದನ್ನೇ ಕೇಳಿ ತರಿಸಿ. ಹಳೆ ಮೀಟರ್ ತೆಗೆಯುವ ದಿನ ಅದರ ಓಟದ ಅಂಕಿಯ ಫೋಟೋ ತೆಗೆದು, ತಾರೀಖು ಬರೆದು ಆರ್‌ಸಿ ಜೊತೆ ಇಡಿ. ಮೀಟರನ್ನು ಗುಜರಿಗೆ ಹಾಕಬೇಡಿ. ನಾನು ಬಿಚ್ಚಿದ ಟೆಂಪರೇಚರ್ ಮೀಟರ್, ಅದರ ಸೆನ್ಸರ್, ಆ ಸಣ್ಣ ಡಬ್ಬಿ ಮೂರನ್ನೂ ಒಂದೇ ಬಿಸ್ಕತ್ ಡಬ್ಬದಲ್ಲಿ ಹಾಕಿ, ಕುದಿಯುವ ನೀರಿನಲ್ಲಿ ಬಂದ ಓಮ್ ಅಂಕಿಯನ್ನು ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ.